ಅರ್ಜಿಯ ಮೇಲಿನ ಒಂದು ಚೌಕ: ಬೆಳಗಾವಿಯ ಫೈಬ್ರೋಸಿಸ್ ಪ್ಯಾಕೇಜ್ ಹೇಗಿದೆ?

ಬೆಳಗಾವಿಯ ಒಂದು ಖಾಸಗಿ ತಪಾಸಣಾ ಕೇಂದ್ರ "ಫೈಬ್ರೋಸಿಸ್ ಪ್ಯಾಕೇಜ್" ಅಂತ ಒಂದು ಕಟ್ಟು ಮಾಡಿ ಕೊಡುತ್ತದೆ. ಶ್ವಾಸಕೋಶದ ಒಳಗೆ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆದಿದೆ ಎಂಬ ಅನುಮಾನ ಇರುವವರಿಗೆ ಇದು. ಸ್ಪೈರೋಮೆಟ್ರಿ (ಊದಿಸಿ ಗಾಳಿ ಅಳೆಯುವುದು), ಡಿಎಲ್‌ಸಿಓ (ಗಾಳಿಗೂಡಿನಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆಂದು ನೋಡುವುದು), ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್), ಆರು ನಿಮಿಷದ ನಡಿಗೆ, ರಕ್ತ ಪರೀಕ್ಷೆ, ಮೇಲೊಂದು "ಹಾರ್ಮೋನ್ ಪ್ಯಾನೆಲ್", ಕೊನೆಗೆ ಕನ್ನಡದಲ್ಲಿ ಒಂದು ಕೈಪಿಡಿ. ಎಲ್ಲ ಒಂದೇ ದಿನದಲ್ಲಿ. ಗೋಕಾಕ, ಅಥಣಿ, ಜಮಖಂಡಿ, ಮುಧೋಳ ಕಡೆಯಿಂದ ನಸುಕಿನ ಬಸ್ಸಿಗೆ ಬಂದವರು ಸಂಜೆ ಬಸ್ಸಿಗೆ ತಿರುಗಿ ಹೋಗಬಹುದು. ಈ ಒಂದು ಕಾರಣಕ್ಕೇ ಇದು ಉಪಕಾರದ ಸೇವೆ. ಯಂತ್ರಗಳಿಗೆ 5ರಲ್ಲಿ 4, ಯಂತ್ರ ಕೊಟ್ಟ ಅಂಕಿಯನ್ನು ಓದುವ ರೀತಿಗೆ 5ರಲ್ಲಿ 2. ಕೇಂದ್ರದ ಹೆಸರು ಬರೆಯುವುದಿಲ್ಲ. ಕೆಳಗೆ ಹೇಳುವ ಕೊರತೆಗಳು ಇನ್ನೆಷ್ಟೋ ಕಡೆ ಇವೆ.

ಓದುವ ರೀತಿಯಲ್ಲಿ ಆ ಮೂರು ಅಂಕ ಕಳೆದುಹೋಗಿದ್ದು ಎಲ್ಲಿ ಅಂದರೆ, ಕೌಂಟರಿನಲ್ಲಿ ತುಂಬುವ ಅರ್ಜಿಯ ನಾಲ್ಕನೇ ಸಾಲಿನಲ್ಲಿ. "ಲಿಂಗ: ಗಂ / ಹೆ." ಕೌಂಟರಿನ ಹುಡುಗ ಒಂದು ಚೌಕಕ್ಕೆ ಗೆರೆ ಹಾಕುತ್ತಾನೆ. ಅಲ್ಲಿಂದ ಆ ಗೆರೆ ಸ್ಪೈರೋಮೀಟರಿನ ಲೆಕ್ಕಕ್ಕೆ, ಹಿಮೋಗ್ಲೋಬಿನ್ ತಿದ್ದುಪಡಿಗೆ, ಗ್ಯಾಪ್ ಅಂಕಕ್ಕೆ (ರೋಗದ ಮುನ್ನೋಟದ ಲೆಕ್ಕ), ಔಷಧದ ಎಚ್ಚರಿಕೆಗೆ ಹೋಗಬೇಕು. ಇಲ್ಲಿ ಅದು ಹೋಗಬೇಕಾದ ಕಡೆ ಅರ್ಧಕ್ಕೆ ನಿಲ್ಲುತ್ತದೆ, ಹೋಗಬಾರದ ಕಡೆ ಧಾರಾಳವಾಗಿ ಹೋಗುತ್ತದೆ.

ಮೊದಲು ಸ್ಪೈರೋಮೆಟ್ರಿ ಕೋಣೆ. ಯಂತ್ರ ಒಳ್ಳೆಯದು. ಬೆಳಿಗ್ಗೆ 3 ಲೀಟರಿನ ಸಿರಿಂಜಿನಿಂದ ಕ್ಯಾಲಿಬ್ರೇಷನ್ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಶೇ 3ರ ಆಚೆ ಹೋದರೆ ಫಿಲ್ಟರು ಬದಲಿಸಿ ಮತ್ತೆ ನೋಡುತ್ತಾರೆ. ಟೆಕ್ನಿಷಿಯನ್ ಗಂಟಲು ಗಟ್ಟಿ: "ಊದ್ರಿ ಅಜ್ಜಾರ, ಊದ್ರಿ ಊದ್ರಿ ಊದ್ರಿ, ಬಿಡಬ್ಯಾಡ್ರಿ!" ಈ ಪರೀಕ್ಷೆಗೆ ಅರ್ಧ ಬಲ ಬರುವುದೇ ಆ ಕೂಗಿನಿಂದ. ಮೂಗಿಗೆ ಕ್ಲಿಪ್ ಹಾಕುತ್ತಾರೆ, ಕಟ್ಟಿಸಿದ ಹಲ್ಲಿನ ಸೆಟ್ಟು ತೆಗೆಸುವುದಿಲ್ಲ (ತೆಗೆದರೆ ತುಟಿಯ ಸಂದಿಯಿಂದ ಗಾಳಿ ಸೋರುತ್ತದೆ). ನಿಯಮದ ಪ್ರಕಾರ ಕನಿಷ್ಠ ಮೂರು ಸರಿಯಾದ ಊದು ಬೇಕು, ಅದರಲ್ಲಿ ದೊಡ್ಡ ಎರಡು ಎಫ್‌ವಿಸಿ (ಒಂದು ಊದಿನಲ್ಲಿ ಹೊರಬಂದ ಒಟ್ಟು ಗಾಳಿ) ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ಎಂಟು ಸಲಕ್ಕೂ ಬರದಿದ್ದರೆ ನಿಲ್ಲಿಸಬೇಕು. ಇಷ್ಟನ್ನೂ ಪಾಲಿಸುತ್ತಾರೆ.

ತಪ್ಪುವುದು ಊದುವ ಮೊದಲೇ, ಎತ್ತರ ಅಳೆಯುವಲ್ಲಿ. ಸ್ಪೈರೋಮೀಟರ್ ರೋಗಿಯ ಗಾಳಿಯನ್ನಷ್ಟೇ ಅಳೆಯುತ್ತದೆ. "ಶೇಕಡಾ ಇಷ್ಟು" ಎಂದು ಹೇಳುವುದಕ್ಕೆ ಅದು ವಯಸ್ಸು, ಎತ್ತರ, ಲಿಂಗ ಮೂರನ್ನೂ ಇಟ್ಟುಕೊಂಡು "ಇವರಿಗೆ ಇಷ್ಟು ಇರಬೇಕಿತ್ತು" ಎಂಬ ಅಂದಾಜು ಮಾಡುತ್ತದೆ. ಒಂದೇ ಎತ್ತರ, ಒಂದೇ ವಯಸ್ಸಿನ ಗಂಡಸು ಹೆಂಗಸಿನ ಅಂದಾಜಿನಲ್ಲಿ ಸುಮಾರು ಅರ್ಧ ಲೀಟರಿನ ವ್ಯತ್ಯಾಸ ಇರುತ್ತದೆ, ಏಕೆಂದರೆ ಹೆಣ್ಣಿನ ಎದೆಗೂಡು, ಶ್ವಾಸಕೋಶ ಎರಡೂ ಚಿಕ್ಕವು. ಹಾಗಾಗಿ ಚೌಕ ತಪ್ಪಿದರೆ ಸಣ್ಣ ರೋಗ ದೊಡ್ಡದಾಗಿ, ದೊಡ್ಡದು ಸಣ್ಣದಾಗಿ ಕಾಣುತ್ತದೆ. ಎತ್ತರ ತಪ್ಪಿದರೂ ಅದೇ ಕತೆ. ಇಲ್ಲಿ ಗಂಡಸರ ಪಟಕಾ, ಟೋಪಿ ತೆಗೆಸುತ್ತಾರೆ. ಹೆಂಗಸರ ತುರುಬಿನ ಮೇಲೆಯೇ ಅಳತೆಪಟ್ಟಿ ಇಳಿಸುತ್ತಾರೆ. ನೆತ್ತಿಯ ಮೇಲೆ ಕಟ್ಟಿದ ಗಟ್ಟಿ ತುರುಬು 3–4 ಸೆಂ.ಮೀ. ಸುಳ್ಳು ಎತ್ತರ ಕೊಡಬಲ್ಲದು. ಇದಕ್ಕೆ ಉಲ್ಟಾ, ಮೂಳೆ ಸವೆದು ಬೆನ್ನು ಬಾಗಿದ ಅಜ್ಜಿಯರ ಎತ್ತರ ಇದ್ದದ್ದಕ್ಕಿಂತ ಕಮ್ಮಿ ಬರುತ್ತದೆ. ಅಂದಾಜೂ ಇಳಿಯುತ್ತದೆ, ಶೇಕಡಾವಾರು ಏರಿ "ಪರವಾಗಿಲ್ಲ" ಎನಿಸುತ್ತದೆ. ಅಂಥವರಿಗೆ ಎರಡೂ ಕೈ ಚಾಚಿಸಿ, ಬೆರಳ ತುದಿಯಿಂದ ತುದಿಗೆ ಅಳೆದು ಎತ್ತರ ಲೆಕ್ಕ ಹಾಕಬೇಕು. ಗೋಡೆಯ ಮೇಲೆ ಅದಕ್ಕೊಂದು ಟೇಪ್ ಅಂಟಿಸಿದರೆ ಸಾಕು. ಇಲ್ಲಿ ಅಂಟಿಸಿಲ್ಲ.

ಬಟ್ಟೆಯದೂ ಒಂದು ಮಾತು. ಕಚ್ಚೆ ಹಾಕಿ ಇಳಕಲ್ ಸೀರೆ ಉಟ್ಟವರ ಸೊಂಟದ ಬಿಗಿ, ಮೇಲೆ ಬಿಗಿ ಕುಪ್ಪಸ ಸೇರಿದರೆ ಉಸಿರು ಪೂರ್ತಿ ಒಳಗೆ ಹೋಗುವುದಿಲ್ಲ. ಒಂದು ಪರದೆ ಎಳೆದು "ಸ್ವಲ್ಪ ಸಡಿಲ ಮಾಡ್ಕೊರ್ರಿ ಯವ್ವಾ" ಎಂದು ಹೇಳುವ ಹೆಣ್ಣು ಸಹಾಯಕಿ ಇದ್ದರೆ ಎಫ್‌ವಿಸಿ ಅಲ್ಲೇ ಮೇಲೇರುವುದುಂಟು. ಇನ್ನೊಂದು ಯಾರೂ ಬಾಯಿಬಿಟ್ಟು ಹೇಳದ್ದು: ನಾಲ್ಕೈದು ಹೆರಿಗೆಯಾದ ಹೆಂಗಸರಿಗೆ ಜೋರಾಗಿ ಊದುವಾಗ ಮೂತ್ರ ಸೋರುತ್ತದೆ. ಆ ಹೆದರಿಕೆಗೆ ಎರಡನೇ ಸೆಕೆಂಡಿಗೇ ಬಾಯಿ ಮುಚ್ಚುತ್ತಾರೆ. ಗ್ರಾಫಿನಲ್ಲಿ ಅದು ಬೆಟ್ಟದಂಚು ಕಡಿದ ಹಾಗೆ ಥಟ್ಟನೆ ಕೆಳಗೆ ಬೀಳುವ ಗೆರೆಯಾಗಿ ಕಾಣುತ್ತದೆ. ಟೆಕ್ನಿಷಿಯನ್ "ಪೇಷೆಂಟ್ ಸಹಕರಿಸಲಿಲ್ಲ" ಎಂದು ಬರೆದು ಕೈ ತೊಳೆದುಕೊಳ್ಳುತ್ತಾನೆ. ಸಹಕಾರದ ಪ್ರಶ್ನೆಯಲ್ಲ ಅದು. ಮೊದಲು ಬಾತ್‌ರೂಮಿಗೆ ಕಳಿಸಿ, ಬೇಕಿದ್ದರೆ ಒಂದು ಪ್ಯಾಡ್ ಕೊಟ್ಟು, ಕೋಣೆಯಲ್ಲಿದ್ದ ಗಂಡಸರನ್ನು ಹೊರಗೆ ಕೂರಿಸಿದರೆ ಅದೇ ಹೆಂಗಸು ಅಂದವಾದ ಗ್ರಾಫ್ ಕೊಡುತ್ತಾಳೆ. ಆದರೆ ಬೇಗ ಮುಗಿದ ಊದೆಲ್ಲ ತಪ್ಪಲ್ಲ. ಫೈಬ್ರೋಸಿಸ್‌ನಲ್ಲಿ ಶ್ವಾಸಕೋಶ ಬಿಗಿದ ಸ್ಪ್ರಿಂಗಿನ ಹಾಗೆ. ಮೂರ್ನಾಲ್ಕು ಸೆಕೆಂಡಿನಲ್ಲಿ ಗಾಳಿ ಪೂರ್ತಿ ಹೊರಗೆ ಬಂದು ಗೆರೆ ಸಮತಟ್ಟಾಗುತ್ತದೆ. ಕೊನೆಯ ಒಂದು ಸೆಕೆಂಡಿನಲ್ಲಿ 25 ಮಿ.ಲೀ.ಗಿಂತ ಕಮ್ಮಿ ಬದಲಾದರೆ ಊದು ಮುಗಿದಂತೆ. ಇಲ್ಲಿನ ಟೆಕ್ನಿಷಿಯನ್ನರು ಗಡಿಯಾರ ನೋಡಿ ಆರು ಸೆಕೆಂಡ್ ಹಟ ಹಿಡಿಯುತ್ತಾರೆ, ರೋಗಿ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಾನೆ. ನೋಡಬೇಕಾದದ್ದು ಗೆರೆ, ಗಡಿಯಾರ ಅಲ್ಲ.

ಸವದತ್ತಿ ಯಲ್ಲಮ್ಮನ ಜಿಲ್ಲೆಯಲ್ಲಿ ಎರಡೇ ಚೌಕದ ಅರ್ಜಿ ಸಾಲದು ಎಂಬುದನ್ನೂ ಹೇಳಬೇಕು. ಜೋಗಪ್ಪಗಳು, ಮಂಗಳಮುಖಿಯರು ಬಂದಾಗ ಕೌಂಟರಿನಲ್ಲಿ ಗುಸುಗುಸು ಶುರುವಾಗುವುದು ಬೇಡ. 2019ರ ಸ್ಪೈರೋಮೆಟ್ರಿ ನಿಯಮ ಸ್ಪಷ್ಟವಿದೆ: ಶ್ವಾಸಕೋಶದ ಅಂದಾಜಿಗೆ ಹುಟ್ಟಿನ ಲಿಂಗ ಬೇಕು, ಅದನ್ನು ಯಾಕೆ ಕೇಳುತ್ತಿದ್ದೇವೆ ಎಂದು ತಿಳಿಸಿ ಕೇಳಬೇಕು; ಅವರು ಗುರುತಿಸಿಕೊಳ್ಳುವ ಲಿಂಗವನ್ನೂ ಬರೆದುಕೊಳ್ಳಬಹುದು, ಕರೆಯುವುದು ಆ ಪ್ರಕಾರ.

ಈಗ ಡಿಎಲ್‌ಸಿಓ. ಪ್ಯಾಕೇಜಿನ ಬೆಲೆಬಾಳುವ ಭಾಗ ಇದೇ, ದೊಡ್ಡ ತಪ್ಪು ನಡೆಯುವುದೂ ಇಲ್ಲೇ. ಶೇ 0.3ರಷ್ಟು ಕಾರ್ಬನ್ ಮೊನಾಕ್ಸೈಡ್ ಬೆರೆಸಿದ ಗಾಳಿಯನ್ನು ಒಂದೇ ಉಸಿರಿಗೆ ಎಳೆದು, ಸುಮಾರು 10 ಸೆಕೆಂಡ್ ಹಿಡಿದು, ಬಿಡಬೇಕು. ಎಷ್ಟು ಅನಿಲ ರಕ್ತಕ್ಕೆ ದಾಟಿತು ಎನ್ನುವುದರ ಮೇಲೆ ಗಾಳಿಗೂಡಿನ ಗೋಡೆ ಎಷ್ಟು ದಪ್ಪವಾಗಿದೆ, ಎಷ್ಟು ಗೂಡು ಉಳಿದಿವೆ ಎಂದು ತಿಳಿಯುತ್ತದೆ. ಎರಡು ಪ್ರಯತ್ನದ ನಡುವೆ ಕನಿಷ್ಠ 4 ನಿಮಿಷ ಬಿಡಬೇಕು, ಹಿಂದಿನ ಅನಿಲ ಹೊರಹೋಗಲಿ ಎಂದು. ಗಡಿಬಿಡಿಯ ದಿನ ಇಲ್ಲಿ ಎರಡೇ ನಿಮಿಷಕ್ಕೆ "ಮತ್ತ ಎಳೀರಿ" ಎನ್ನುತ್ತಾರೆ. ಎರಡನೇ ಅಂಕಿ ಇಳಿಯುತ್ತದೆ.

ಕಾರ್ಬನ್ ಮೊನಾಕ್ಸೈಡ್ ಅಂಟಿಕೊಳ್ಳುವುದು ಹಿಮೋಗ್ಲೋಬಿನ್ನಿಗೆ. ರಕ್ತವೇ ಕಮ್ಮಿ ಇದ್ದರೆ ಅನಿಲ ಕಮ್ಮಿ ದಾಟುತ್ತದೆ, ಶ್ವಾಸಕೋಶದ ತಪ್ಪಿಲ್ಲದೆಯೇ ಅಂಕಿ ಕೆಳಗೆ ಬರುತ್ತದೆ. ಅದಕ್ಕೇ ಹಿಮೋಗ್ಲೋಬಿನ್ ತಿದ್ದುಪಡಿ ಇರುವುದು, ಅದೂ ಗಂಡಸು ಹೆಂಗಸಿಗೆ ಬೇರೆ ಬೇರೆ. ಗಂಡಸರಿಗೆ: 10.22ಕ್ಕೆ ಹಿಮೋಗ್ಲೋಬಿನ್ ಕೂಡಿಸಿ, 1.7 ಗುಣಿಸು ಹಿಮೋಗ್ಲೋಬಿನ್ನಿನಿಂದ ಭಾಗಿಸಿ. ಬಂದದ್ದರಿಂದ ಡಿಎಲ್‌ಸಿಓವನ್ನು ಗುಣಿಸಿ. ಹೆಂಗಸರಿಗೆ 10.22ರ ಜಾಗದಲ್ಲಿ 9.38. ಗಂಡಸಿಗೆ 14.6, ಹೆಂಗಸಿಗೆ 13.4 ಗ್ರಾಂ ಇದ್ದಾಗ ತಿದ್ದುಪಡಿ ಶೂನ್ಯವಾಗುವ ಹಾಗೆ ಈ ಸೂತ್ರ ಕಟ್ಟಿದ್ದಾರೆ.

ಒಂದು ಲೆಕ್ಕ ಹಾಕಿ ನೋಡಿ. 67 ವರ್ಷದ ಹೆಂಗಸು, ಹಿಮೋಗ್ಲೋಬಿನ್ 8, ಎಫ್‌ವಿಸಿ ಶೇ 68, ತಿದ್ದದ ಡಿಎಲ್‌ಸಿಓ ಶೇ 45. 9.38 ಕೂಡಿಸು 8 ಅಂದರೆ 17.38, ಅದನ್ನು 13.6ರಿಂದ ಭಾಗಿಸಿದರೆ 1.278. 45 ಹೋಗಿ 57.5 ಆಯಿತು. ಈಗ ಗ್ಯಾಪ್ ಅಂಕ ಹಾಕೋಣ. 2012ರಿಂದ ಐಪಿಎಫ್ (ಕಾರಣ ಗೊತ್ತಾಗದೆ ಬರುವ ಶ್ವಾಸಕೋಶದ ಫೈಬ್ರೋಸಿಸ್) ರೋಗಿಗಳ ಮುನ್ನೋಟಕ್ಕೆ ಬಳಸುವ ಲೆಕ್ಕ ಇದು: ಲಿಂಗ, ವಯಸ್ಸು, ಎಫ್‌ವಿಸಿ, ಡಿಎಲ್‌ಸಿಓ. ಗಂಡಸಾದರೆ 1, ಹೆಂಗಸಾದರೆ 0. ವಯಸ್ಸು 65 ದಾಟಿದರೆ 2. ಎಫ್‌ವಿಸಿ 50–75ರ ನಡುವೆ 1. ಡಿಎಲ್‌ಸಿಓ 36–55ರ ನಡುವೆ 1, 55ರ ಮೇಲೆ 0. ತಿದ್ದದಿದ್ದರೆ ಈಕೆಗೆ ಒಟ್ಟು 4, ಅಂದರೆ ಎರಡನೇ ಹಂತ. ತಿದ್ದಿದರೆ 3, ಮೊದಲ ಹಂತ. ಒಂದು ವರ್ಷದೊಳಗಿನ ಸಾವಿನ ಅಂದಾಜು ಎರಡನೇ ಹಂತಕ್ಕೆ ಶೇ 16.2, ಮೊದಲ ಹಂತಕ್ಕೆ ಶೇ 5.6. ಒಂದು ಸಣ್ಣ ರಕ್ತದ ಬಾಟಲಿಯ ಮೇಲೆ ಇಷ್ಟು ನಿಂತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಎನ್‌ಎಫ್‌ಎಚ್‌ಎಸ್-5ರ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಅಂದರೆ ಈ ತಿದ್ದುಪಡಿ ಅಪರೂಪದವರಿಗಲ್ಲ. ಈ ಕೇಂದ್ರ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಪ್ಯಾಕೇಜಿನೊಳಗೇ ಮಾಡುತ್ತದೆ, ದುಡ್ಡೂ ತೆಗೆದುಕೊಳ್ಳುತ್ತದೆ. ಆದರೆ ರಕ್ತದ ರಿಪೋರ್ಟ್ ಮಧ್ಯಾಹ್ನ ಎರಡಕ್ಕೆ ಬರುತ್ತದೆ, ಡಿಎಲ್‌ಸಿಓ ಹನ್ನೊಂದಕ್ಕೇ ಪ್ರಿಂಟ್ ಆಗಿರುತ್ತದೆ. ರಿಪೋರ್ಟಿನ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ "ಹಿಮೋಗ್ಲೋಬಿನ್‌ಗೆ ತಿದ್ದಿಲ್ಲ" ಎಂದಿರುತ್ತದೆ. ಮತ್ತೆ ಯಾರೂ ಅದನ್ನು ತೆರೆಯುವುದಿಲ್ಲ. ರಕ್ತವನ್ನು ಬೆಳಿಗ್ಗೆ ಎಂಟಕ್ಕೆ ಮೊದಲ ಕೆಲಸವಾಗಿ ತೆಗೆದರೆ ಮುಗಿಯುವ ಸಮಸ್ಯೆ ಇದು. ಬೆರಳ ತುದಿಯಿಂದ ಹನಿ ತೆಗೆದು ನೋಡುವ ಸಣ್ಣ ಮೀಟರೂ ನಡೆಯುತ್ತದೆ.

ಇದೇ ಪರೀಕ್ಷೆಗೆ ಮೊದಲು ಗಂಡಸರನ್ನು "ಬೀಡಿ ಸೇದೀರೇನ್ರಿ?" ಎಂದು ತಪ್ಪದೆ ಕೇಳುತ್ತಾರೆ. ಸರಿ. ಹೊಗೆಯಿಂದ ರಕ್ತದಲ್ಲಿ ಮೊದಲೇ ಕಾರ್ಬನ್ ಮೊನಾಕ್ಸೈಡ್ ಇದ್ದರೆ ಅಂಕಿ ಇಳಿಯುತ್ತದೆ. ಆದರೆ ನಸುಕಿನಲ್ಲಿ ಎದ್ದು, ಕಟ್ಟಿಗೆ ಒಲೆ ಮುಂದೆ ಕೂತು, ಮನೆಮಂದಿಗೆಲ್ಲ ರೊಟ್ಟಿ ಬಡಿದು ಬಸ್ ಹತ್ತಿದ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲ. ಆಕೆಯ ರಕ್ತದಲ್ಲೂ ಅದೇ ಅನಿಲ. (ಮಿಶ್ರಿ ತಿಕ್ಕುವುದನ್ನು ಮಾತ್ರ ಕೇಳುತ್ತಾರೆ. ಬಾಯಿಗೆ ಕೆಟ್ಟದ್ದು ಹೌದು, ಈ ಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ.)

ಉದ್ಯೋಗದ ಕಾಲಮ್ಮಿನಲ್ಲೂ ಇದೇ ಕುರುಡು. ಗಂಡಸಾದರೆ ಉದ್ಯಮಬಾಗದ ಫೌಂಡ್ರಿಯೋ, ಇಳಕಲ್ಲಿನ ಗ್ರಾನೈಟ್ ಕ್ವಾರಿಯೋ, ಎಷ್ಟು ವರ್ಷ, ಮರಳಿನ ಧೂಳಿತ್ತೋ ಎಂದು ಬರೆದುಕೊಳ್ಳುತ್ತಾರೆ. ಹೆಂಗಸಾದರೆ "ಗೃಹಿಣಿ", ಪೂರ್ಣವಿರಾಮ. ಆ ಒಂದು ಪದದ ಹಿಂದೆ ನಿಪ್ಪಾಣಿಯ ತಂಬಾಕಿನ ಧೂಳು ಇರಬಹುದು, ಮಾಳಿಗೆಯ ಪಾರಿವಾಳ ಇರಬಹುದು, ಬೂಸ್ಟು ಹಿಡಿದ ಕಣಿಕೆ ಬಣವೆ, ನೀರು ಬದಲಿಸದ ಏರ್ ಕೂಲರ್, ಸಕ್ಕರೆ ಕಾರ್ಖಾನೆ ಪಕ್ಕದಲ್ಲಿ ಕೊಳೆತ ಕಬ್ಬಿನ ಸಿಪ್ಪೆಯ ರಾಶಿ ಇರಬಹುದು. ಕಬ್ಬಿನ ಸಿಪ್ಪೆಯ ಬೂಸ್ಟಿನಿಂದ ಬರುವ ಶ್ವಾಸಕೋಶ ರೋಗಕ್ಕೆ ಬಗಾಸೋಸಿಸ್ ಎಂಬ ಹೆಸರೇ ಇದೆ; ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಅದನ್ನು ಕೇಳದೆ ಬಿಡುವುದು ಕ್ಷಮಿಸಲಾಗದ್ದು. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಗಾಳಿಗೂಡಿನ ಗೋಡೆ ಕೆಡುವ ರೋಗಗಳ ಗುಂಪು) ರಿಜಿಸ್ಟ್ರಿಯ 1,084 ರೋಗಿಗಳಲ್ಲಿ ಶೇ 47.3 ಮಂದಿಗೆ ಇದ್ದದ್ದು ಹೀಗೆ ಉಸಿರಿನಲ್ಲಿ ಹೋದ ವಸ್ತುವಿಗೆ ದೇಹ ಕೆರಳಿ ಬರುವ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಐಪಿಎಫ್ ಇದ್ದದ್ದು ಶೇ 13.7 ಮಂದಿಗೆ. ಕಾರಣ ಸಿಕ್ಕರೆ ಅದರಿಂದ ದೂರ ಇರುವುದೇ ಮೊದಲ ಚಿಕಿತ್ಸೆ.

ಸಿಟಿ ಸ್ಕ್ಯಾನ್ ಚೆನ್ನಾಗಿದೆ, ಹೆಚ್ಚು ಹೇಳುವುದಿಲ್ಲ. ತೆಳು ಸ್ಲೈಸ್, ಬೆನ್ನ ಮೇಲೊಮ್ಮೆ ಬೋರಲಾಗಿ ಒಮ್ಮೆ ಮಲಗಿಸುತ್ತಾರೆ, ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕುವುದಿಲ್ಲ (ಬೇಕಾಗಿಲ್ಲ). ಉಸಿರು ಪೂರ್ತಿ ಬಿಟ್ಟು ತೆಗೆಯುವ ಚಿತ್ರವನ್ನು ಮಾತ್ರ ಡಾಕ್ಟರ್ ಚೀಟಿಯಲ್ಲಿ ಬರೆದಿದ್ದರಷ್ಟೇ ಮಾಡುತ್ತಾರೆ. ಗಾಳಿ ಸಿಕ್ಕಿಹಾಕಿಕೊಂಡ ಜಾಗ ಕಾಣುವುದು ಅದರಲ್ಲೇ, ಹೈಪರ್‌ಸೆನ್ಸಿಟಿವಿಟಿಯ ಸುಳಿವು ಸಿಗುವುದೂ ಅದರಲ್ಲೇ. ಚೀಟಿಯಲ್ಲಿ ಇಲ್ಲದಿದ್ದರೂ ಕೇಳಿ ಮಾಡಿಸಿಕೊಳ್ಳಿ.

ಸ್ಕ್ಯಾನಿನ ವರದಿಯ ಕೊನೆಯ ಸಾಲಿನಲ್ಲಿ ಆ ಚೌಕ ಮತ್ತೆ ಬರುತ್ತದೆ, ಈ ಸಲ ಬರಬಾರದ ಜಾಗದಲ್ಲಿ. ಚಿತ್ರ ಹೆಚ್ಚುಕಡಿಮೆ ಒಂದೇ ಇದ್ದರೂ ಗಂಡಸಾದರೆ "ಐಪಿಎಫ್ ಸಾಧ್ಯತೆ", ಹೆಂಗಸಾದರೆ "ವಾತರೋಗದ ಹಿನ್ನೆಲೆ ಪರಿಶೀಲಿಸಿ". ಅದಕ್ಕೆ ತಕ್ಕಂತೆ ವಾತರೋಗ ಹುಡುಕುವ ಎಎನ್‌ಎ, ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ರಕ್ತಪರೀಕ್ಷೆಗಳು ಹೆಂಗಸರ ಪ್ಯಾಕೇಜಿನಲ್ಲಿ ತಾನಾಗಿಯೇ ಸೇರಿವೆ, ಗಂಡಸರಿಗೆ ಪ್ರತ್ಯೇಕ ಬಿಲ್. ಇದು ಈ ಕೇಂದ್ರದ ಚಾಳಿ ಮಾತ್ರವಲ್ಲ. ರೋಗಿಯ ಲಿಂಗ ನೋಡಿ ವೈದ್ಯರ ಒಲವು ಐಪಿಎಫ್ ಕಡೆಗೋ ಬೇರೆ ಕಡೆಗೋ ವಾಲುತ್ತದೆ ಎಂದು 2020ರ ಅಂತರರಾಷ್ಟ್ರೀಯ ಅಧ್ಯಯನವೊಂದೂ ತೋರಿಸಿದೆ. ಹೊಸದಾಗಿ ಐಎಲ್‌ಡಿ ಕಂಡ ಎಲ್ಲರಿಗೂ, ಗಂಡು ಹೆಣ್ಣು ನೋಡದೆ, ಈ ರಕ್ತಪರೀಕ್ಷೆ ಬೇಕು. ಸಂಧಿವಾತ ಹೆಂಗಸರಿಗೆ ಹೆಚ್ಚು, ನಿಜ. ಆದರೆ ಸಂಧಿವಾತ ಬಂದವರೊಳಗೆ ಶ್ವಾಸಕೋಶಕ್ಕೆ ಇಳಿಯುವುದು ಗಂಡಸರಲ್ಲೇ ಹೆಚ್ಚು. ತಪ್ಪು ಹಣೆಪಟ್ಟಿಯ ಬೆಲೆ ಸಣ್ಣದಲ್ಲ. ಐಪಿಎಫ್‌ನಲ್ಲಿ ಸ್ಟೀರಾಯ್ಡ್, ಅಜಾಥಯೋಪ್ರಿನ್, ಎನ್-ಅಸಿಟೈಲ್‌ಸಿಸ್ಟೀನ್ ಮೂರನ್ನೂ ಕೂಡಿಸಿ ಕೊಟ್ಟರೆ ಸಾವು ಹೆಚ್ಚಾಗುತ್ತದೆ ಎಂದು 2012ರಲ್ಲೇ ಗೊತ್ತಾಗಿದೆ. ಅದೇ ಸ್ಟೀರಾಯ್ಡ್ ಬೇರೆ ಬಗೆಯ ಐಎಲ್‌ಡಿಯಲ್ಲಿ ಉಸಿರು ಉಳಿಸುತ್ತದೆ.

ಇನ್ನು ಪ್ಯಾಕೇಜಿನ "ಹಾರ್ಮೋನ್ ಪ್ಯಾನೆಲ್". ಈಸ್ಟ್ರೊಜೆನ್, ಟೆಸ್ಟೊಸ್ಟೆರಾನ್ ಮಟ್ಟ ನೋಡುತ್ತಾರೆ. ಇದರ ಬೇರು ಇರುವುದು ಕೈಪಿಡಿಯ ಒಂದು ಪುಟದಲ್ಲಿ: "ಹೆಣ್ಣು ಹಾರ್ಮೋನು ಶ್ವಾಸಕೋಶವನ್ನು ಕಾಪಾಡುತ್ತದೆ, ಗಂಡು ಹಾರ್ಮೋನು ಕಲೆ ಬೆಳೆಸುತ್ತದೆ." ಐಪಿಎಫ್ ಗಂಡಸರಲ್ಲಿ ಹೆಚ್ಚು, ಅದಕ್ಕೆ ಹಾರ್ಮೋನೇ ಕಾರಣ ಎಂಬ ಸರಳ ಲೆಕ್ಕ. ಕೈಪಿಡಿಯ ಉಳಿದ ಪುಟಗಳು ಚೆನ್ನಾಗಿವೆ, ಜೀವಕೋಶದ ಚಿತ್ರವಂತೂ ಬಹಳ ಚೆನ್ನಾಗಿದೆ. ಅದನ್ನೇ ಹಿಡಿದು ಆ ಪುಟ ಯಾಕೆ ತಪ್ಪು ಎಂದು ನೋಡಬಹುದು.

ಗಾಳಿಗೂಡಿನ ಗೋಡೆಯಲ್ಲಿ ಎರಡು ಬಗೆಯ ಕೋಶ. ಒಂದನೇ ಬಗೆ ರೊಟ್ಟಿಗಿಂತ ತೆಳ್ಳಗೆ ಹರಡಿಕೊಂಡು ಅನಿಲ ದಾಟಿಸುತ್ತದೆ. ಎರಡನೇ ಬಗೆ ಗುಂಡಗಿದ್ದು, ಗೂಡು ಕುಸಿಯದಂತೆ ಜಾರುವ ಲೇಪ ತಯಾರಿಸುತ್ತದೆ. ಗೋಡೆ ಹರಿದಾಗ ಹೊಸ ಕೋಶ ಹೆತ್ತು ತೇಪೆ ಹಾಕುವುದೂ ಅದೇ. ವಯಸ್ಸು, ಹೊಗೆ, ಧೂಳು, ಹುಟ್ಟಿನಿಂದ ಬಂದ ಕೆಲವು ಜೀನ್ ಬದಲಾವಣೆಗಳಿಂದ ಈ ಎರಡನೇ ಕೋಶ ದಣಿಯುತ್ತದೆ. ಅದರ ಕ್ರೋಮೋಸೋಮಿನ ತುದಿಯ ಟೆಲೋಮಿಯರ್ ಸವೆದು, ತೇಪೆ ಅರ್ಧಕ್ಕೆ ನಿಲ್ಲುತ್ತದೆ. ಹಾಗೆ ನಡುದಾರಿಯಲ್ಲಿ ಸಿಕ್ಕಿಬಿದ್ದ ವಿಚಿತ್ರ ಕೋಶಗಳನ್ನು ಐಪಿಎಫ್ ರೋಗಿಗಳ ಶ್ವಾಸಕೋಶದಲ್ಲಿ 2020ರಲ್ಲಿ ಎರಡು ತಂಡಗಳು ಒಂದೊಂದೇ ಕೋಶವನ್ನು ಓದುವ ತಂತ್ರದಿಂದ ಕಂಡವು. ದಣಿದ ಗೋಡೆ ಟಿಜಿಎಫ್-ಬೀಟಾ ಎಂಬ ಸಂಕೇತ ಹೊರಡಿಸುತ್ತದೆ. ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶ ಅದನ್ನು ಕೇಳಿ ಸ್ನಾಯುವಿನ ಗುಣ ಪಡೆದು, ಎಳೆದು ಬಿಗಿಯುತ್ತ ಕೊಲಾಜನ್ ಎಂಬ ನಾರು ಸುರಿಯುತ್ತದೆ. ಗೋಡೆ ಬಿಗಿದಷ್ಟೂ ಆ ಬಿಗಿತವೇ ಪಕ್ಕದ ಫೈಬ್ರೋಬ್ಲಾಸ್ಟಿಗೆ ಮತ್ತೊಂದು ಅಪ್ಪಣೆ.

ಇದರಲ್ಲಿ ಗಂಡು ಹೆಣ್ಣು ಎಲ್ಲಿ ಬರುತ್ತದೆ? ಹಾರ್ಮೋನಿಗಿಂತ ಮೊದಲು, ಕೋಶದ ಬೀಜದೊಳಗೆ. ಹೆಣ್ಣಿನ ಪ್ರತಿ ಕೋಶದಲ್ಲಿ ಎರಡು ಎಕ್ಸ್ ಕ್ರೋಮೋಸೋಮ್. ಎಕ್ಸ್‌ಐಎಸ್‌ಟಿ ಎಂಬ ಆರ್‌ಎನ್‌ಎ ಒಂದು ಎಕ್ಸ್‌ಗೆ ಕಂಬಳಿ ಹೊದಿಸಿ ಮಲಗಿಸುತ್ತದೆ. ಆದರೆ ಕೆಲವು ಜೀನ್‌ಗಳು ಕಂಬಳಿಯಾಚೆ ಎಚ್ಚರವಿರುತ್ತವೆ. ರೋಗನಿರೋಧಕ ಕೋಶಗಳಲ್ಲಿ ಟಿಎಲ್‌ಆರ್7 ಹಾಗೆ ತಪ್ಪಿಸಿಕೊಳ್ಳುವ ಒಂದು ಜೀನ್. ದೇಹದ ರಕ್ಷಣೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ರೋಗ ಬರುವ ಹತ್ತು ಜನರಲ್ಲಿ ಒಂಬತ್ತು ಹೆಂಗಸರೇ ಇರುವುದಕ್ಕೆ ಇದೂ ಒಂದು ಕಾರಣ ಎನ್ನಲಾಗುತ್ತದೆ. ಕಲೆಗೆ ಅದು ಉರಿಯೂತದ ದಾರಿ. ಗಂಡಸರ ಕಡೆ ಇನ್ನೊಂದು: ವಯಸ್ಸಾದಂತೆ ಕೆಲವು ರಕ್ತಕೋಶಗಳು ವೈ ಕ್ರೋಮೋಸೋಮನ್ನೇ ಕಳೆದುಕೊಳ್ಳುತ್ತವೆ. ವೈ ಇಲ್ಲದ ಮಜ್ಜೆಯ ಕೋಶ ಕೊಟ್ಟ ಇಲಿಗಳ ಹೃದಯದಲ್ಲಿ, ಅಲ್ಲಿ ಸೇರಿದ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳ ಮೂಲಕ, ನಾರು ಬೆಳೆಯಿತೆಂದು 2022ರಲ್ಲಿ ವರದಿಯಾಯಿತು. ಇವೆರಡಕ್ಕೂ ರಕ್ತದಲ್ಲಿ ಈಸ್ಟ್ರೊಜೆನ್ ಎಷ್ಟಿದೆ ಎನ್ನುವುದು ಉತ್ತರವಲ್ಲ.

ಹಾರ್ಮೋನಿನ ವಿಷಯವೂ ಕೈಪಿಡಿ ಹೇಳಿದಷ್ಟು ನೇರವಿಲ್ಲ. ಬ್ಲಿಯೊಮೈಸಿನ್ ಎಂಬ ಔಷಧ ಕೊಟ್ಟು ಶ್ವಾಸಕೋಶ ಕೆಡಿಸಿದ ಸಣ್ಣ ಇಲಿ ಜಾತಿಯಲ್ಲಿ ಸಾಮಾನ್ಯವಾಗಿ ಗಂಡುಗಳೇ ಹೆಚ್ಚು ನರಳಿದವು. ದೊಡ್ಡ ಇಲಿ ಜಾತಿಯಲ್ಲಿ ಉಲ್ಟಾ: ಹೆಣ್ಣುಗಳಿಗೆ ಜಾಸ್ತಿ, ಅಂಡಾಶಯ ತೆಗೆದರೆ ಕಮ್ಮಿ, ಈಸ್ಟ್ರೊಜೆನ್ ಮತ್ತೆ ಕೊಟ್ಟರೆ ಮತ್ತೆ ಜಾಸ್ತಿ. ಈಸ್ಟ್ರೊಜೆನ್ ಗ್ರಾಹಕ ಆಲ್ಫಾ, ಬೀಟಾ ಎಂದು ಎರಡು ಬಗೆ, ಗಂಡಸರ ಶ್ವಾಸಕೋಶದಲ್ಲೂ ಅವು ಇವೆ. ಯಾವ ಕೋಶದಲ್ಲಿ ಯಾವುದು ಹೆಚ್ಚಿದೆ ಎನ್ನುವುದರ ಮೇಲೆ ಪರಿಣಾಮ ತಿರುಗುತ್ತದೆ. ಅಷ್ಟೇಕೆ, ಟೆಲೋಮಿಯರ್ ರೋಗ ಇರುವವರಿಗೆ ಡ್ಯಾನಜಾಲ್ ಕೊಟ್ಟಾಗ ಟೆಲೋಮಿಯರ್ ಉದ್ದವಾಯಿತೆಂದು 2016ರ ಪ್ರಯೋಗ ಹೇಳಿತು. ಡ್ಯಾನಜಾಲ್ ಕೃತಕ ಗಂಡು ಹಾರ್ಮೋನು! "ಗಂಡು ಹಾರ್ಮೋನು ಕೆಟ್ಟದ್ದು" ಎನ್ನುವವರು ಇದನ್ನು ಎಲ್ಲಿ ಇಡುತ್ತಾರೆ?

ಪ್ರಯೋಗಾಲಯದ ತಟ್ಟೆಯಲ್ಲೂ ಒಂದು ಕಳ್ಳಬೆಕ್ಕು ಇದೆ. ಕೋಶ ಬೆಳೆಸುವ ದ್ರವಕ್ಕೆ ಬಣ್ಣ ಕೊಡುವ ಫಿನಾಲ್ ರೆಡ್, ಈಸ್ಟ್ರೊಜೆನ್ನಿನ ಹಾಗೆ ಸಣ್ಣಗೆ ಕೆಲಸ ಮಾಡುತ್ತದೆಂದು 1986ರಿಂದಲೇ ಗೊತ್ತು. ದನದ ಸೀರಮ್ಮಿನಲ್ಲೂ ಹಾರ್ಮೋನು ಇರುತ್ತದೆ. ಬಣ್ಣವಿಲ್ಲದ ದ್ರವ, ಇದ್ದಿಲಿನಲ್ಲಿ ಸೋಸಿದ ಸೀರಮ್ ಬಳಸದೆ, ಫೈಬ್ರೋಬ್ಲಾಸ್ಟ್ ಗಂಡಸಿನದೋ ಹೆಂಗಸಿನದೋ ಎಂದೂ ಬರೆಯದೆ ಮಾಡಿದ ಪ್ರಯೋಗದಿಂದ "ಕಾಪಾಡುತ್ತದೆ" ಎಂಬ ಮಾತು ಹುಟ್ಟಿದರೆ ಅದನ್ನು ರೋಗಿಯ ಕೈಗೆ ಅಚ್ಚು ಹಾಕಿಸಿ ಕೊಡಬಾರದು. ಈ ಭಾಗದ ವೈದ್ಯಕೀಯ ಕಾಲೇಜುಗಳಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಈ ಸಾಲನ್ನು ಗೋಡೆಗೆ ಅಂಟಿಸಿಕೊಂಡರೆ ಒಳ್ಳೆಯದು.

ಹಾಗಾಗಿ ಹಾರ್ಮೋನ್ ಪ್ಯಾನೆಲ್ ಬೇಡ ಎಂದು ಕೌಂಟರಿನಲ್ಲೇ ಹೇಳಿ. ಅದರ ಯಾವ ಅಂಕಿಯೂ ಫೈಬ್ರೋಸಿಸ್ ಚಿಕಿತ್ಸೆಯನ್ನು ಬದಲಿಸುವುದಿಲ್ಲ. ಒಂದೇ ಕಡೆ ಹೆಣ್ಣು ಎಂಬುದು ನೇರವಾಗಿ ಸುಳಿವಾಗುತ್ತದೆ: ನಡುವಯಸ್ಸಿನೊಳಗಿನ ಹೆಂಗಸಿನ ಸ್ಕ್ಯಾನಿನಲ್ಲಿ ನಾರಿಗೆ ಬದಲು ತೆಳುಗೋಡೆಯ ಗುಳ್ಳೆಗಳೇ ತುಂಬಿದ್ದರೆ ಎಲ್‌ಎಎಂ ನೆನಪಾಗಬೇಕು. ಅದು ಹೆಚ್ಚುಕಡಿಮೆ ಹೆಂಗಸರಿಗಷ್ಟೇ ಬರುವ ರೋಗ. ಅದಕ್ಕೆ ರಕ್ತದಲ್ಲಿ ನೋಡುವುದು ವಿಇಜಿಎಫ್-ಡಿ, ಕೊಡುವ ಔಷಧ ಸಿರೋಲಿಮಸ್. ಈಸ್ಟ್ರೊಜೆನ್ ಮಾತ್ರೆಯಿಂದ ದೂರವಿರಿ ಎನ್ನುವುದು ಅಲ್ಲಿಗೆ ಸರಿಯಾದ ಸಲಹೆ.

ಆರು ನಿಮಿಷದ ನಡಿಗೆಗೆ 30 ಮೀಟರ್ ಕಾರಿಡಾರ್ ಇದೆ, ಕುರ್ಚಿ ಇಟ್ಟಿದ್ದಾರೆ, ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆ. ಆಕ್ಸಿಮೀಟರ್ ಹಾಕುವ ಮೊದಲು ಉಗುರುಬಣ್ಣ ಒರೆಸಬೇಕು. ಗಾಢ ಮದರಂಗಿ ಇದ್ದರೆ ಕಿವಿ ಅಥವಾ ಬೇರೆ ಬೆರಳು ನೋಡಬೇಕು. ಒರೆಸುವ ದ್ರವ ಇಟ್ಟಿಲ್ಲ. ಕಪ್ಪು ಚರ್ಮದಲ್ಲಿ ಆಕ್ಸಿಮೀಟರ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಹಾಗಾಗಿ 89–90 ಕಂಡವರನ್ನು "88ಕ್ಕೆ ಇಳಿಯಲಿಲ್ಲ" ಎಂದು ನಿರಾಳವಾಗಿ ಮನೆಗೆ ಕಳಿಸಬೇಡಿ, ಎಬಿಜಿ (ಅಪಧಮನಿಯ ರಕ್ತ ತೆಗೆದು ಆಕ್ಸಿಜನ್ ನೋಡುವ ಪರೀಕ್ಷೆ) ಮಾಡಿಸಿ.

ಔಷಧದ ಚೀಟಿ ಈ ಕೇಂದ್ರ ಬರೆಯುವುದಿಲ್ಲ, ಕೈಪಿಡಿಯ ಕೊನೆಯಲ್ಲಿ ಎರಡು ಪುಟ ಕೊಟ್ಟಿದೆ. ಪಿರ್ಫೆನಿಡೋನ್ ಊಟದ ನಡುವೆ ತೆಗೆದುಕೊಳ್ಳಿ, ವಾಕರಿಕೆ ಕಮ್ಮಿ; ಡೋಸನ್ನು ವಾರವಾರ ಏರಿಸಿ; ಬಿಸಿಲಿಗೆ ತುಂಬುತೋಳು, ತಲೆಗೆ ಬಟ್ಟೆ; ಲಿವರ್ ಪರೀಕ್ಷೆ ಮೊದಲ ಆರು ತಿಂಗಳು ಪ್ರತಿ ತಿಂಗಳು. ಎಲ್ಲ ಸರಿ. ಬೀಡಿ ಸೇದಿದರೆ ಲಿವರ್ ಈ ಔಷಧವನ್ನು ಬೇಗ ಅರೆದುಬಿಡುತ್ತದೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ ಎಂಬುದನ್ನು ಬಿಟ್ಟಿದ್ದಾರೆ. ನಿಂಟೆಡಾನಿಬ್ 150 ಎಂ.ಜಿ. ದಿನಕ್ಕೆರಡು ಎಂದಿದೆ, ಭೇದಿಯ ಎಚ್ಚರಿಕೆ ಇದೆ. ಆದರೆ ಲಿವರ್ ಎನ್‌ಜೈಮ್ ಏರುವ ಅಪಾಯ ಹೆಂಗಸರಿಗೆ, 65 ಕಿಲೋಗಿಂತ ತೂಕ ಕಮ್ಮಿ ಇರುವವರಿಗೆ, ಏಷ್ಯಾದವರಿಗೆ ಹೆಚ್ಚು ಎಂದು ಔಷಧದ ಲೇಬಲ್ಲೇ ಹೇಳುತ್ತದೆ. ನಮ್ಮ ಕಡೆಯ 45 ಕಿಲೋ ತೂಕದ ತಾಯಂದಿರು ಮೂರಕ್ಕೂ ಸೇರುತ್ತಾರೆ. ಮಕ್ಕಳಾಗುವ ವಯಸ್ಸಿನವರಿಗೆ ಗರ್ಭಪರೀಕ್ಷೆ ಮಾಡಿಸಿಯೇ ಶುರು ಮಾಡಬೇಕು, ಗರ್ಭನಿರೋಧಕ ಬಿಡಬಾರದು. ಮೈಕೋಫಿನೊಲೇಟ್ ಎಂಬ ಇನ್ನೊಂದು ಔಷಧಕ್ಕೂ ಅದೇ ಎಚ್ಚರಿಕೆ. ಲಿಂಗದ ಚೌಕ ನಿಜವಾಗಿ ಕೆಲಸಕ್ಕೆ ಬರುವ ಈ ಪುಟದಲ್ಲೇ ಅದು ಇಲ್ಲ.

ರಿಪೋರ್ಟ್ ಸಂಜೆ ಐದರೊಳಗೆ ಕೈಗೆ ಬರುತ್ತದೆ. ಫಿಲ್ಮಿನ ಜತೆ ಸಿಡಿ ಕೇಳಿ. ಕೇಳದಿದ್ದರೆ ಕೊಡುವುದಿಲ್ಲ, ಮುಂದಿನ ಡಾಕ್ಟರಿಗೆ ಫಿಲ್ಮಿಗಿಂತ ಅದೇ ಬೇಕು. ಡಿಎಲ್‌ಸಿಓ ಹಾಳೆಯ ಮೇಲೆ ಅವತ್ತಿನ ಹಿಮೋಗ್ಲೋಬಿನ್ ಬರೆಸಿಕೊಳ್ಳಿ. ಸ್ಪೈರೋಮೆಟ್ರಿ ಹಾಳೆಯಲ್ಲಿ ಯಾವ ಸಮೀಕರಣದ ಅಂದಾಜು ಎಂದು ಮೂಲೆಯಲ್ಲಿ ಅಚ್ಚಾಗಿರುತ್ತದೆ. ಮೂರ್ನಾಲ್ಕು ತಿಂಗಳಿಗೆ ಮತ್ತೆ ಮಾಡಿಸುವಾಗ ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಬೇರೆ ಸಮೀಕರಣ ಇದ್ದರೆ, ಶೇಕಡಾವಾರು ಬಿಟ್ಟು ಲೀಟರನ್ನೇ ಲೀಟರಿಗೆ ಹೋಲಿಸಬೇಕು.